ಚರ್ಮದ ಪರ್ಸ್: ಕೈಹೊಲಿಗೆ ಒಂದೇ ಸಮ ಕೂರುತ್ತಿಲ್ಲ, ಅಂಚು ನಯವಾಗುತ್ತಿಲ್ಲ

ಸಕ್ಕರೆನಾಡು (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಚರ್ಮದ ಕೆಲಸ ಈಗಷ್ಟೇ ಶುರು ಮಾಡಿದ್ದೇನೆ. ಕಾರ್ಡ್ ಇಡೋ ಸಣ್ಣ ಪರ್ಸ್, ಎರಡು ಸೂಜಿಯ ಸ್ಯಾಡಲ್ ಸ್ಟಿಚ್ (ಒಂದೇ ದಾರದ ಎರಡೂ ತುದಿಗೆ ಸೂಜಿ ಹಾಕಿ, ಪ್ರತಿ ತೂತಿಗೂ ಎರಡೂ ಕಡೆಯಿಂದ ತೂರಿಸೋದು). ಮುಂದಿನ ಕಡೆ ಹೊಲಿಗೆ ಚೆನ್ನಾಗಿ ಓರೆಯಾಗಿ ಕೂರುತ್ತದೆ, ಹಿಂದೆ ತಿರುಗಿಸಿ ನೋಡಿದರೆ ಕೆಲವು ನೇರ, ಕೆಲವು ಓರೆ. ಅಂಚಿನ ಕಥೆ ಬೇರೆ. ನೀರು ಹಚ್ಚಿ ಮರದ ಕಡ್ಡಿಯಲ್ಲಿ ಎಷ್ಟು ಉಜ್ಜಿದರೂ ನಾರು ಎದ್ದೇ ನಿಲ್ಲುತ್ತದೆ. ಚರ್ಮ ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ತುಂಡುಗಳು, ತುಂಬಾ ಮೆತ್ತಗಿವೆ. ಇಲ್ಲಿ ಇದರ ಸಾಮಾನು ಸಿಗೋದು ಕಷ್ಟ, ಮನೆಯಲ್ಲಿ ಇರೋದರಲ್ಲೇ ಆಗುವ ದಾರಿ ಇದ್ದರೆ ದಯವಿಟ್ಟು ಹೇಳಿ.

ದಾರದುಂಡೆ (ಮೈಸೂರು)

ಹೊಲಿಗೆ ಬಗ್ಗೆ ನಾನು ಹೇಳುತ್ತೇನೆ, ಅಂಚಿನ ಬಗ್ಗೆ ಗೊತ್ತಿರುವವರು ಹೇಳಲಿ.

ಹಿಂದಿನ ಕಡೆ ಹಾಗೆ ಆಗೋದಕ್ಕೆ ಮುಕ್ಕಾಲು ಪಾಲು ಕಾರಣ ಸೂಜಿಗಳ ಕ್ರಮ ಮಧ್ಯದಲ್ಲಿ ಬದಲಾಗೋದು. ಒಂದು ತೂತಿಗೆ ಎಡಗಡೆ ಸೂಜಿ ಮೊದಲು ಹೋಗಿದ್ದರೆ ಕೊನೆಯ ತೂತಿನವರೆಗೂ ಎಡಗಡೆಯದೇ ಮೊದಲು ಹೋಗಬೇಕು. ಎರಡನೇ ಸೂಜಿ ಮೊದಲ ದಾರದ ಯಾವ ಮಗ್ಗುಲಲ್ಲಿ ಹೋಗುತ್ತದೋ ಪ್ರತಿ ಸಲ ಅದೇ ಮಗ್ಗುಲು. ಟಿವಿ ನೋಡ್ತಾ ಹೊಲಿದರೆ ಇದು ತಪ್ಪೋದು ಖಂಡಿತ. ಎರಡನೇ ಸೂಜಿ ತೂರಿಸುವಾಗ ಮೊದಲ ದಾರವನ್ನು ಸ್ವಲ್ಪ ಹಿಂದಕ್ಕೆ ಎಳೆದು ನೋಡಿ. ಸಲೀಸಾಗಿ ಜಾರಿದರೆ ಸರಿ, ಜಾರದಿದ್ದರೆ ಸೂಜಿ ದಾರವನ್ನೇ ಚುಚ್ಚಿದೆ ಅಂತ ಅರ್ಥ. ಅದಕ್ಕೇ ಮೊಂಡು ತುದಿಯ ಸೂಜಿ ಬೇಕು. ಬಟ್ಟೆ ಸೂಜಿಯೇ ಇದ್ದರೆ ಅದರ ತುದಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ಮೊಂಡು ಮಾಡಿಕೊಳ್ಳಿ.

ಎಳೆಯುವಾಗ ಎರಡೂ ಕೈಯಲ್ಲಿ ಒಂದೇ ಬಿಗಿ ಇರಲಿ. ಹೊಲಿಗೆ ಚರ್ಮದೊಳಗೆ ಹೂತು ಹೋಗುವಷ್ಟು ಜಗ್ಗಬೇಡಿ, ಮೆತ್ತಗಿನ ಚರ್ಮ ಸುಕ್ಕುಗಟ್ಟುತ್ತದೆ.

ಹೊಲಿಗೆಯ ಗೆರೆ ಹಾಕೋಕೆ ಜಾಮಿಟ್ರಿ ಬಾಕ್ಸ್‌ನ ಡಿವೈಡರ್ ಸಾಕು. ಒಂದು ಕಾಲು ಅಂಚಿನ ಹೊರಗೆ, ಇನ್ನೊಂದು ಚರ್ಮದ ಮೇಲೆ, 3 ಮಿ.ಮೀ. ಅಂತರ ಇಟ್ಟು ಎಳೆದರೆ ಗೆರೆ ಬಿತ್ತು. ದಾರ ಹೊಲಿಗೆಯ ಉದ್ದದ ಸುಮಾರು ನಾಲ್ಕರಷ್ಟು ಕತ್ತರಿಸಿ, ಕಡಿಮೆ ಆದರೆ ಮಧ್ಯದಲ್ಲಿ ಜೋಡಿಸೋದು ತಲೆನೋವು. ಜೇನುಮೇಣದ ಮೇಲೆ ಎರಡು ಮೂರು ಸಲ ಎಳೆದುಕೊಳ್ಳಿ. ಕೊನೆಯಲ್ಲಿ ಎರಡು ಹೊಲಿಗೆ ವಾಪಸ್ ಬಂದು ಕತ್ತರಿಸಿ, ಪಾಲಿಯೆಸ್ಟರ್ ದಾರ ಆದರೆ ತುದಿಯನ್ನು ಲೈಟರ್‌ನಲ್ಲಿ ಸ್ವಲ್ಪವೇ ಕರಗಿಸಿ ಒತ್ತಿ. ಲಿನನ್ ಕರಗೋದಿಲ್ಲ, ಅದಕ್ಕೆ ಒಂದು ಹನಿ ಗಮ್ ಹಾಕಿ.

ಒಂದು ಮಾತು, ಈ ಹೊಲಿಗೆಯನ್ನು ಬಿಡಬೇಡಿ. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಅಕ್ಕಪಕ್ಕದ್ದೂ ಸಡಿಲ ಆಗುತ್ತಾ ಹೋಗುತ್ತದೆ. ಇಲ್ಲಿ ಪ್ರತಿ ತೂತಿನಲ್ಲೂ ದಾರದ ಎರಡು ತುದಿ ಎದುರು ಬದುರು ದಾಟಿರುತ್ತವೆ, ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ.

ಬೀಟೆಮರ (ಮೈಸೂರು)

ಅಂಚಿನ ನಾರು ಏಳೋದಕ್ಕೆ ನಿಮ್ಮ ಕೈ ಕಾರಣ ಅಲ್ಲ, ಚರ್ಮ. ಮೆತ್ತಗಿನ ಚಪ್ಪಲಿ ಮೇಲ್ಭಾಗದ ಚರ್ಮ ಸಾಮಾನ್ಯವಾಗಿ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಉಜ್ಜಿದರೆ ಗಾಜಿನ ಹಾಗೆ ಹೊಳೆಯೋದು ತೊಗಟೆಯಲ್ಲಿ ಹದ ಮಾಡಿದ ಚರ್ಮ ಮಾತ್ರ. ನಮ್ಮ ಕಡೆ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ತೊಗಟೆಯಲ್ಲೇ ದಕ್ಷಿಣ ಭಾರತದಲ್ಲಿ ಹಳೆಯ ಕಾಲದಿಂದ ಚರ್ಮ ಹದ ಮಾಡುತ್ತಿದ್ದರು. ಅಳಲೆಕಾಯಿಯೂ ಅದಕ್ಕೆ ಬಳಕೆಯಾಗುತ್ತಿತ್ತು.

ಒಂದು ಹನಿ ನೀರು ಹಾಕಿ ನೋಡಿ. ತೊಗಟೆ ಚರ್ಮಕ್ಕೆ ಬಣ್ಣ, ಪಾಲಿಶ್ ಏನೂ ಹಚ್ಚಿರದಿದ್ದರೆ ನೀರು ಬೇಗ ಇಂಗಿ ಆ ಜಾಗ ಕಪ್ಪಾಗುತ್ತದೆ. ಕತ್ತರಿಸಿದ ಅಂಚಿನ ನಡುವೆ ತಿಳಿ ನೀಲಿ ಬೂದು ಬಣ್ಣ ಕಂಡರೆ ಕ್ರೋಮ್.

ತೊಗಟೆ ಚರ್ಮ ಆದರೆ ಹೊಲಿದ ಮೇಲೆ 220, 400, 600 ನಂಬರ್ ಉಪ್ಪುಕಾಗದ, ಈ ಕ್ರಮದಲ್ಲಿ ಉಜ್ಜಿ. ಎರಡು ಪದರ ಒಂದೇ ತುಂಡು ಅನ್ನಿಸಬೇಕು, ಅಲ್ಲಿಯವರೆಗೆ ನೀರು ಮುಟ್ಟಿಸಬೇಡಿ. ಎರಡೂ ಬದಿಯ ಚೂಪು ಕೋನ ತೆಗೆಯಿರಿ, ಇಲ್ಲದಿದ್ದರೆ ಉಜ್ಜಿದಾಗ ಅಂಚು ಅಣಬೆಯ ತಲೆ ತರಹ ಅಗಲವಾಗುತ್ತದೆ. ಆಮೇಲೆ ಬೆರಳಲ್ಲಿ ಸ್ವಲ್ಪ ನೀರು, ಒರಟು ಕ್ಯಾನ್ವಾಸ್ ಬಟ್ಟೆಯಿಂದ ಬೇಗ ಬೇಗ ತಿಕ್ಕಿ, ಬಿಸಿ ಏರಬೇಕು. ಕೊನೆಗೆ ಜೇನುಮೇಣ ಸವರಿ ಇನ್ನೊಮ್ಮೆ ತಿಕ್ಕಿ. ನಿಮ್ಮ ಕಡ್ಡಿ ಮೆದು ಮರದ್ದಾದರೆ ಬಿಡಿ. ಮೈಸೂರಿನಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವವರ ಹತ್ರ ತುಂಡು ಕೇಳಿ ನೋಡಿ. ಗಟ್ಟಿ ಮರ, ಅದರಲ್ಲಿ ಒಂದು ಕಾಲುವೆ ಕೊರೆದುಕೊಂಡರೆ ಅಂಚು ಸರಿಯಾಗಿ ಕೂರುತ್ತದೆ.

ಸಕ್ಕರೆನಾಡು (ಮಂಡ್ಯ)

ಹನಿ ಹಾಕಿದೆ, ಹಾಗೇ ಉರುಳಿ ಹೋಯಿತು. ನಡುವೆ ನೀಲಿ ಕಾಣುತ್ತಿದೆ. ಈ ತುಂಡುಗಳನ್ನು ಏನು ಮಾಡಲಿ? ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಿದ್ದೇನೆ, ಎಡಗಡೆ ಮೊದಲು ಅಂತ ಬಾಯಲ್ಲಿ ಹೇಳಿಕೊಂಡೇ.

ಬೀಟೆಮರ (ಮೈಸೂರು)

ಎರಡು ದಾರಿ ಇದೆ. ಒಂದು, ಎಡ್ಜ್ ಪೇಂಟ್, ಅಂದರೆ ಕತ್ತರಿಸಿದ ಅಂಚಿಗೆ ಹಚ್ಚುವ ಬಣ್ಣ. ತೆಳ್ಳಗೆ ಒಂದು ಕೋಟ್, ಪೂರ್ತಿ ಒಣಗಿದ ಮೇಲೆ ನಯ ಉಪ್ಪುಕಾಗದ, ಮತ್ತೆ ಒಂದು ಕೋಟ್. ದಪ್ಪ ಹಚ್ಚಿದರೆ ಮಡಿಸುವ ಕಡೆ ಬಿರಿಯುತ್ತದೆ. ಮಳೆಗಾಲದಲ್ಲಿ ಒಣಗೋದು ನಿಧಾನ, ಅವಸರ ಬೇಡ. ಇನ್ನೊಂದು, ಮಡಿಸಿ ಹೊಲಿಯೋದು. ಅಂಚಿನ ಒಳಮೈಯನ್ನು ಚೂಪು ಚಾಕುವಿನಿಂದ ಅರ್ಧ ದಪ್ಪಕ್ಕೆ ಕೆರೆದು, ಗಮ್ ಹಚ್ಚಿ ಒಳಕ್ಕೆ ಮಡಿಸಿ, ಒತ್ತಿ, ಆಮೇಲೆ ಹೊಲಿಗೆ. ಕತ್ತರಿಸಿದ ಅಂಚೇ ಹೊರಗೆ ಕಾಣೋದಿಲ್ಲ. ನಿಮ್ಮ ಚರ್ಮ ಮೆತ್ತಗಿದೆ ಅಂದಿರಲ್ಲ, ಇದಕ್ಕೆ ಮಡಿಕೆಯೇ ಸರಿ.