24 ವಯಸ್ಸು, ಸ್ಪೋರ್ಟ್ಸ್ ಕಾರ್ ತಗೋಬೇಕು: ಫುಲ್ ಲೋನ್ ಹಾಕೋದಾ, ಇನ್ನೂ ಸ್ವಲ್ಪ ಕೂಡಿಡೋದಾ?

ರೆಡ್‌ಲೈನ್_ಹುಡ್ಗ:

ಎಲ್ರಿಗೂ ನಮಸ್ಕಾರ. ನಂಗೀಗ 24, ಕೆಲಸ ಪರ್ಮನೆಂಟ್ ಆಗಿದೆ, ಮನೆಯವ್ರ ಜೊತೆನೇ ಇರೋದ್ರಿಂದ ಬಾಡಿಗೆ ಇಲ್ಲ, ಬೇರೆ ಸಾಲ ಯಾವ್ದೂ ಇಲ್ಲ. ಸ್ಪೋರ್ಟ್ಸ್ ಕಾರ್ ಅನ್ನೋದು ಸ್ಕೂಲಲ್ಲಿದ್ದಾಗಿಂದ ತಲೇಲಿ ಕೂತಿರೋ ವಿಷ್ಯ. ಯಾರಿಗೋ ತೋರ್ಸೋಕೆ ಅಲ್ಲ, ನಿಜವಾಗ್ಲೂ ಓಡ್ಸೋದು ಇಷ್ಟ. ಎರಡು ಸೀಟು, ಮ್ಯಾನುಯಲ್ ಗೇರ್, ರಿಯರ್ ವೀಲ್ ಡ್ರೈವ್ (ಇಂಜಿನ್ ಹಿಂದಿನ ಚಕ್ರ ತಿರುಗ್ಸೋದು), ಇಷ್ಟಿದ್ರೆ ಸಾಕು, 500 ಹಾರ್ಸ್‌ಪವರ್ ಎಲ್ಲಾ ಬೇಡ.

ಈಗ ನನ್ ಹತ್ರ ಕಾರಿನ ರೇಟಲ್ಲಿ ಹತ್ರತ್ರ ಕಾಲು ಭಾಗ ಇದೆ, ಎಲ್ಲಾ ಸಂಬಳದಲ್ಲಿ ಉಳಿಸಿದ್ದು. ಶೋರೂಮ್‌ನಲ್ಲಿ ಕೇಳಿದ್ರೆ ಕೈಯಿಂದ ಏನೂ ಹಾಕ್ಬೇಡಿ ಸರ್, ಪೂರ್ತಿ ಲೋನ್ ಮಾಡ್ಸಿ ಕೊಡ್ತೀವಿ, 7 ವರ್ಷ ಇಟ್ಕೊಳ್ಳಿ ಇಎಂಐ ಆರಾಮಾಗಿ ಬರತ್ತೆ, ನಿಮ್ ದುಡ್ಡು ನಿಮ್ ಹತ್ರಾನೇ ಇರ್ಲಿ ಅಂತಾರೆ. ಕೇಳೋಕೆ ಚೆನ್ನಾಗೇ ಇದೆ. ಅಪ್ಪ ಮಾತ್ರ ಸಾಲ ಮಾಡಿ ಕಾರ್ ತಗೊಳ್ಳೋದಾದ್ರೆ ನನ್ನ ಕೇಳ್ಬೇಡ ಅಂದ್ಬಿಟ್ರು.

ಸೋ ಲೋನಾ ಅಥ್ವಾ ಕಾಯೋದಾ, ಹೊಸದಾ ಸೆಕೆಂಡ್ ಹ್ಯಾಂಡಾ, ಇಎಂಐ ಬಿಟ್ಟು ತಿಂಗಳಿಗೆ ಬೇರೆ ಏನೇನು ಖರ್ಚು ಬರತ್ತೆ, ಗೊತ್ತಿರೋರು ಸ್ವಲ್ಪ ಡೀಟೇಲಾಗಿ ಹೇಳಿ ಪ್ಲೀಸ್. ಆಸೆನೇ ಬಿಟ್ಬಿಡು ಅನ್ನೋ ಸಲಹೆ ಬೇಡ, ಅದನ್ನ ಮನೇಲಿ ದಿನಾ ಕೇಳ್ತಾ ಇದೀನಿ.


ಬಡ್ಡಿ_ಲೆಕ್ಕ:

ತಮ್ಮಾ, ನಾನು ಲೋನ್ ಡಿಪಾರ್ಟ್‌ಮೆಂಟಲ್ಲೇ ಕೆಲಸ ಮಾಡೋಳು, ಅದಕ್ಕೆ ಲೆಕ್ಕ ಹಾಕೇ ಹೇಳ್ತೀನಿ. ಕಾರಿನ ಬೆಲೆ 100 ಅಂತ ಇಟ್ಕೋ, ಬಡ್ಡಿ ವರ್ಷಕ್ಕೆ 9%. ಶೋರೂಮ್‌ನವ್ರು ಹೇಳಿದ ಹಾಗೆ ಪೂರ್ತಿ 100ನ್ನೂ 7 ವರ್ಷಕ್ಕೆ ಹಾಕಿದ್ರೆ ತಿಂಗಳಿಗೆ ಸುಮಾರು 1.61 ಕಟ್ಬೇಕು, ಕೊನೆಗೆ ಒಟ್ಟು ಕಟ್ಟಿರೋದು 135. ಅಂದ್ರೆ 35 ಬರೀ ಬಡ್ಡಿಗೆ ಹೋಯ್ತು. ಅದೇ ನಿನ್ ಹತ್ರ ಇರೋ 25 ಕೈಯಿಂದ ಹಾಕಿ, ಉಳಿದ 75ನ್ನ 4 ವರ್ಷಕ್ಕೆ ತಗೊಂಡ್ರೆ ಇಎಂಐ ಸುಮಾರು 1.87, ಬಡ್ಡಿ ಬರೀ 14.6. ತಿಂಗಳ ಕಂತಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ ನೋಡು, ಬಡ್ಡಿ ಮಾತ್ರ ಅರ್ಧಕ್ಕಿಂತ ಕಮ್ಮಿ. ಇಎಂಐ ಎಷ್ಟು ಬರತ್ತೆ ಅಂತ ಮಾತ್ರ ಕೇಳೋ ಹುಡುಗ್ರು ಇಲ್ಲೇ ಸಿಕ್ಕಾಕೊಳ್ಳೋದು, ಯಾಕಂದ್ರೆ ಅವಧಿ ಎಳೆದಷ್ಟೂ ಎಂಥಾ ಕಾರಿನ ಇಎಂಐ ಆದ್ರೂ ಚಿಕ್ಕದಾಗೇ ಕಾಣತ್ತೆ.

ಇನ್ನೊಂದು ವಿಷ್ಯ ಇದಕ್ಕಿಂತ ಮುಖ್ಯ. 7 ವರ್ಷದ ಲೋನಲ್ಲಿ ಮೊದಲನೇ ವರ್ಷ ನೀನು 19 ಕಟ್ಟಿರ್ತೀಯ, ಆದ್ರೆ ಅಸಲು ಇಳಿದಿರೋದು 11 ಕೂಡ ಅಲ್ಲ, ಬಾಕಿ ಇನ್ನೂ 89 ಇರತ್ತೆ. ಹೊಸ ಕಾರು ಮೊದಲನೇ ವರ್ಷ ಸುಮಾರು 20% ಬೆಲೆ ಕಳ್ಕೊಳ್ಳತ್ತೆ ಅನ್ನೋದು ಎಲ್ರೂ ಇಟ್ಕೊಳ್ಳೋ ಅಂದಾಜು. ಅಂದ್ರೆ ಕಾರು 80 ಬಾಳತ್ತೆ, ಸಾಲ 89 ಇದೆ. ಕೆಲಸ ಬದಲಾಯ್ತು, ಮನೇಲಿ ಏನೋ ತುರ್ತು ಬಂತು, ಮಾರಿಬಿಡೋಣ ಅಂದ್ರೆ ಮೇಲೆ 9 ಕೈಯಿಂದ ಕೊಟ್ಟು ಮಾರ್ಬೇಕು. ಕಾರು ಟೋಟಲ್ ಲಾಸ್ ಆದ್ರೂ, ಅಂದ್ರೆ ರಿಪೇರಿ ಮಾಡೋ ಹಾಗೇ ಇಲ್ಲದಷ್ಟು ಹಾಳಾದ್ರೂ, ಅಷ್ಟೇ, ಇನ್ಶೂರೆನ್ಸ್‌ನವ್ರು ಸಾಮಾನ್ಯವಾಗಿ ಅವತ್ತಿನ ಬೆಲೆ ನೋಡ್ತಾರೆ, ನಿನ್ ಸಾಲ ಎಷ್ಟು ಬಾಕಿ ಇದೆ ಅಂತ ನೋಡಲ್ಲ. ಕಾಲು ಭಾಗ ಮೊದಲೇ ಹಾಕಿದ್ರೆ ಈ ತಲೆನೋವು ಹೆಚ್ಚುಕಮ್ಮಿ ಇರಲ್ಲ.

ಆಮೇಲೆ ಬಲೂನ್ ಸ್ಕೀಮ್ ಅಂತ ಒಂದು ತೋರಿಸ್ತಾರೆ, ತಿಂಗಳಿಗೆ ಕಮ್ಮಿ ಕಟ್ಟಿ, ಕೊನೇಲಿ ಒಂದು ದೊಡ್ಡ ಮೊತ್ತ ಅಂತ. ಆ ಕೊನೆ ಮೊತ್ತ ಎಲ್ಲಿಂದ ಬರತ್ತೆ ಅಂತ ಇವತ್ತೇ ಗೊತ್ತಿಲ್ಲ ಅಂದ್ರೆ ಸೈನ್ ಹಾಕ್ಬೇಡ. ಪ್ರೀಪೇಮೆಂಟ್ ಪೆನಾಲ್ಟಿ, ಅಂದ್ರೆ ಅವಧಿಗೆ ಮುಂಚೆ ಸಾಲ ತೀರಿಸಿದ್ರೆ ದಂಡ, ಇದ್ಯಾ ಅನ್ನೋದನ್ನೂ ಬರವಣಿಗೇಲಿ ಕೇಳು.


ಸ್ಪ್ಯಾನರ್_ಗುರು:

ಮೇಡಂ ಲೋನ್ ವಿಷ್ಯ ಹೇಳಿದ್ರು, ನಾನು ಗ್ಯಾರೇಜ್ ಕಡೆಯಿಂದ ಹೇಳ್ತೀನಿ. ಗುರು, ನೀನು ಕೇಳ್ತಿರೋ ಥರದ್ದಕ್ಕೆ ಹೊಸ ಕಾರೇ ಆಗ್ಬೇಕು ಅಂತೇನಿಲ್ಲ. ಮಾಜ್ದಾ ಎಂಎಕ್ಸ್-5 1989ರಲ್ಲಿ ಬಂದಾಗ ಬರೀ 1.6 ಲೀಟರ್ ಇಂಜಿನ್, ಸುಮಾರು 115 ಹಾರ್ಸ್‌ಪವರ್, ತೂಕ ಒಂದು ಟನ್ ಆಸುಪಾಸು, ಆದ್ರೂ ಜಗತ್ತಲ್ಲಿ ಅತಿ ಹೆಚ್ಚು ಮಾರಾಟ ಆಗಿರೋ ಎರಡು ಸೀಟಿನ ಸ್ಪೋರ್ಟ್ಸ್ ಕಾರ್ ಅದೇ, 2016ರಲ್ಲಿ ಹತ್ತು ಲಕ್ಷನೇ ಕಾರು ತಯಾರಾಯ್ತು. ಹಗುರ ಕಾರು ಅಂದ್ರೆ ಟೈರು ಬ್ರೇಕು ಕ್ಲಚ್ಚು ಎಲ್ಲಾ ನಿಧಾನಕ್ಕೆ ಸವೆಯತ್ತೆ, ಪೆಟ್ರೋಲ್ ಕಮ್ಮಿ ಕುಡಿಯತ್ತೆ, ಪಾರ್ಟ್ಸ್ ಚಿಕ್ಕದು. ಮೊದಲನೇ ಸ್ಪೋರ್ಟ್ಸ್ ಕಾರ್ ತಗೊಳ್ಳೋನಿಗೆ ಹಾರ್ಸ್‌ಪವರ್‌ಗಿಂತ ಇದು ಲೆಕ್ಕಕ್ಕೆ ಬರತ್ತೆ. 2012ರಲ್ಲಿ ಬಂದ ಟೊಯೋಟಾ 86, ಸುಬರು ಬಿಆರ್‌ಝಡ್ ಕೂಡ ಇದೇ ದಾರಿ, ಇಬ್ರೂ ಸೇರಿ ಮಾಡಿದ್ದು, 2.0 ಲೀಟರ್, 200 ಹಾರ್ಸ್‌ಪವರ್ ಆಸುಪಾಸು, ಹಿಂದೆ ಚಿಕ್ಕ ಸೀಟೂ ಇದೆ.

ಹಳೇ ಪೋರ್ಷೆ ಕಮ್ಮಿಗೆ ಸಿಗತ್ತೆ ಅಂತ ಬೀಳ್ಬೇಡ. ಹಾಳು ಕಾರು ಅಂತಲ್ಲ, ಪೋರ್ಷೆಯ ಬಾಕ್ಸ್‌ಸ್ಟರ್ ಓಡ್ಸೋಕೆ ಅದ್ಭುತ. ಆದ್ರೆ ಕಾರು ಹಳೇದಾಗಿ ಬೆಲೆ ಇಳಿದ್ರೂ ಪಾರ್ಟ್ಸ್ ಬೆಲೆ ಇಳಿಯಲ್ಲ. ಮೊದಲ ತಲೆಮಾರಿನ ಬಾಕ್ಸ್‌ಸ್ಟರ್‌ಗಳಲ್ಲಿ, ಅದೇ 1996ರಿಂದ 2004ರವರೆಗಿನದು, ಇಂಜಿನ್ ಒಳಗೆ ಒಂದು ಶಾಫ್ಟಿಗೆ ಆಧಾರ ಕೊಡೋ ಐಎಂಎಸ್ ಬೇರಿಂಗ್ ಅಂತ ಒಂದಿದೆ, ಅದು ಹೋದ್ರೆ ಇಂಜಿನ್ನೇ ಹೋಗ್ಬಹುದು. ಎಲ್ಲಾ ಕಾರಲ್ಲೂ ಹೋಗಲ್ಲ, ಆದ್ರೆ ಬದಲಾಯಿಸಿದಾರಾ ಅಂತ ಬಿಲ್ ನೋಡ್ದೆ ತಗೋಬಾರ್ದು. ಇಂಥ ಕಾರಿಗೆ ಅದನ್ನ ಹೊಸದರಲ್ಲಿ ತಗೊಂಡೋರ ಜೇಬು ಬೇಕು.

ನೋಡೋಕೆ ಹೋದಾಗ ಇಂಜಿನ್ ತಣ್ಣಗಿರ್ಬೇಕು. ಮೊದಲೇ ಬಿಸಿ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದಾರೆ ಅಂತ ಅನುಮಾನ ಪಡು. ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗೆ ಒತ್ತಡ ಸರಿಯಾಗಿ ನಿಲ್ಲತ್ತಾ ಅಂತ ನೋಡೋದು) ಮಾಡ್ಸು, ಲಿಫ್ಟ್ ಮೇಲೆ ಹಾಕಿ ಕೆಳಗಡೆ ತುಕ್ಕು, ವೆಲ್ಡಿಂಗ್ ಗುರುತು ನೋಡು, ಬಾನೆಟ್ ಬೋಲ್ಟ್‌ಗಳಲ್ಲಿ ಪೇಂಟ್ ಎದ್ದಿದ್ರೆ ಬಿಚ್ಚಿದಾರೆ ಅಂತ ಅರ್ಥ. ಟೈರ್ ಪಕ್ಕದಲ್ಲಿ ತಯಾರಾದ ದಿನದ ನಾಲ್ಕು ಅಂಕಿ ಇರತ್ತೆ, 2319 ಅಂದ್ರೆ 2019ರ 23ನೇ ವಾರ. ಟೈರ್ ಮೇಲಿನ ಗೆರೆ ಎಷ್ಟೇ ಚೆನ್ನಾಗಿದ್ರೂ ಹಳೇ ರಬ್ಬರ್ ಗಟ್ಟಿ ಆಗಿರತ್ತೆ, ರಿಯರ್ ವೀಲ್ ಡ್ರೈವ್ ಕಾರಲ್ಲಿ ಮಳೇಲಿ ಅದು ಡೇಂಜರ್, ಇದನ್ನ ನಾನು ತುಂಬಾ ಸೀರಿಯಸ್ಸಾಗಿ ಹೇಳ್ತಿದೀನಿ.

ಖರ್ಚು ಕೇಳಿದ್ಯಲ್ಲ, ಮೃದು ರಬ್ಬರ್ ಟೈರು ಬೇಗ ಸವೆಯತ್ತೆ, ತುಂಬಾ ಕಾರಲ್ಲಿ ಹಿಂದೆ ಅಗಲ ಮುಂದೆ ಸಣ್ಣ ಇರೋದ್ರಿಂದ ಹಿಂದೆ ಮುಂದೆ ಬದಲಾಯಿಸೋಕೂ ಆಗಲ್ಲ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರ್ಕೊಳ್ಳತ್ತೆ, ಕಾರು ನಿಂತೇ ಇದ್ರೂ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು.


ಬೆಳಗಿನ_ಡ್ರೈವ್:

ನಂದು ಸ್ವಲ್ಪ ಬೇರೆ ಅಭಿಪ್ರಾಯ. ಎಲ್ರೂ ಲೆಕ್ಕಾನೇ ಹೇಳ್ತಿದೀರ, ಸರಿನೇ, ಆದ್ರೆ ಎರಡು ಸೀಟಿನ ಕಾರಿಗೆ ಒಂದು ಕಾಲ ಅಂತ ಇರತ್ತೆ. ಮದುವೆ, ಮಗು, ಮನೆ ಸಾಲ ಇದೆಲ್ಲಾ ಬಂದ್ಮೇಲೆ ಕೈಯಲ್ಲಿ ದುಡ್ಡಿದ್ರೂ ಎರಡು ಸೀಟಿನ ಕಾರು ತಗೊಳ್ಳೋ ಹಾಗಿರಲ್ಲ. ನಂಗೆ ಗೊತ್ತಿರೋ ಎಷ್ಟೋ ಜನ ಇನ್ನೊಂದೆರಡು ವರ್ಷ ಅಂತ ಮುಂದಕ್ಕೆ ಹಾಕ್ತಾ ಹಾಕ್ತಾ ಈಗ ಏಳು ಸೀಟಿನ ಗಾಡಿ ಓಡಿಸ್ತಿದಾರೆ. ಸಾಲ ಅಂದ್ರೆ ಪಾಪ ಅನ್ನೋದು ನಂಗೆ ಒಪ್ಪಿಗೆ ಇಲ್ಲ. ನಾನೂ ಅರ್ಧ ಕೈಯಿಂದ ಹಾಕಿ ಅರ್ಧ ಲೋನ್ ಮಾಡಿ ಸೆಕೆಂಡ್ ಹ್ಯಾಂಡ್ ರೋಡ್‌ಸ್ಟರ್ ತಗೊಂಡೆ, ಭಾನುವಾರ ಬೆಳಗ್ಗೆ ರೂಫ್ ತೆಗೆದು ಖಾಲಿ ರೋಡಲ್ಲಿ ಮೂರನೇ ಗೇರ್‌ನಲ್ಲಿ ತಿರುವು ತಗೊಳ್ಳೋವಾಗ ಆಗೋ ಖುಷಿಗೆ ಬಡ್ಡಿ ಕಟ್ಟಿದ್ದು ನಂಗೆ ನಷ್ಟ ಅನ್ಸೇ ಇಲ್ಲ.

ಒಂದೇ ಮಾತು, ಇನ್ಶೂರೆನ್ಸ್ ಕೊಟೇಶನ್ ತಗೊಳ್ದೆ ಅಡ್ವಾನ್ಸ್ ಕೊಡ್ಬೇಡ ಬ್ರೋ. ತುಂಬಾ ದೇಶಗಳಲ್ಲಿ 25ರ ಒಳಗಿನ ಡ್ರೈವರ್‌ಗೆ ಸ್ಪೋರ್ಟ್ಸ್ ಕಾರ್ ಅಂದ್ರೆ ಪ್ರೀಮಿಯಂ ಸಿಕ್ಕಾಪಟ್ಟೆ ಜಾಸ್ತಿ, ಕೆಲವೊಮ್ಮೆ ಕಾರಿನ ಇಎಂಐಗೆ ಹತ್ರ ಬರತ್ತೆ. ನಿಂಗೆ 24, ಒಂದು ವರ್ಷ ಕಾದ್ರೆ ಅದೇ ಕಮ್ಮಿ ಆಗ್ಬಹುದು. ಎಕ್ಸಾಸ್ಟ್ ಬದಲಾಯಿಸಿದ್ರೂ, ಇಂಜಿನ್ ಟ್ಯೂನ್ ಮಾಡಿದ್ರೂ ಇನ್ಶೂರೆನ್ಸ್ ಕಂಪನಿಗೆ ಹೇಳ್ಬೇಕು, ಇಲ್ಲಾಂದ್ರೆ ಕ್ಲೇಮ್ ಹೊತ್ತಿಗೆ ಕೈ ಎತ್ತಿಬಿಡ್ಬಹುದು. ರೇಸ್ ಟ್ರ್ಯಾಕ್ ಮೇಲೆ ಆದ ಡ್ಯಾಮೇಜ್ ಸಾಮಾನ್ಯವಾಗಿ ಕವರ್ ಆಗಲ್ಲ.


ರೆಡ್‌ಲೈನ್_ಹುಡ್ಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಡೀಟೇಲಾಗಿ ಬರತ್ತೆ ಅನ್ಕೊಂಡಿರ್ಲಿಲ್ಲ. ಅಕ್ಕಾ, 7 ವರ್ಷದ್ದು ಕೈಬಿಟ್ಟೆ. ಈಗ ನಿಂತಿರೋದು 25 ಹಾಕಿ ಈಗ್ಲೇ ತಗೊಳ್ಳೋದಾ, ಅಥ್ವಾ ಇನ್ನೊಂದು ವರ್ಷ ಕೂಡಿಡೋದಾ ಅನ್ನೋದ್ರಲ್ಲಿ. ಕಾದ್ರೆ ನಿಜವಾಗ್ಲೂ ಅಷ್ಟು ಲಾಭ ಇದ್ಯಾ? ಮತ್ತೆ ಕೂಡಿಡೋ ದುಡ್ಡನ್ನ ಷೇರಲ್ಲಿ ಹಾಕಿದ್ರೆ ಬೇಗ ಬೆಳೆಯತ್ತೆ ಅಂತ ಫ್ರೆಂಡ್ ಹೇಳ್ತಿದಾನೆ.


ಬಡ್ಡಿ_ಲೆಕ್ಕ:

ಷೇರ್ ಬೇಡ. ಒಂದೆರಡು ವರ್ಷದಲ್ಲಿ ಬೇಕಾಗಿರೋ ದುಡ್ಡು ಅಲ್ಲಿಡೋದಲ್ಲ, ನೀನು ಕಾರ್ ತಗೋಬೇಕು ಅನ್ನೋ ತಿಂಗಳೇ ಮಾರ್ಕೆಟ್ ಬಿದ್ದಿದ್ರೆ ಏನ್ ಮಾಡ್ತೀಯ. ಎಫ್‌ಡಿ, ಸೇವಿಂಗ್ಸ್ ಅಕೌಂಟ್, ಇಷ್ಟೇ ಸಾಕು.

ಲಾಭ ಇದ್ಯಾ ಅಂದ್ಯಲ್ಲ, ನೋಡು. ಆ 4 ವರ್ಷದ ಲೋನಿನ ಕಂತು 1.87 ಇತ್ತಲ್ವಾ, ಅದನ್ನ ಮುಂದಿನ ತಿಂಗಳಿಂದಾನೇ ಬೇರೆ ಅಕೌಂಟಿಗೆ ಹಾಕೋಕೆ ಶುರು ಮಾಡು, ಸಂಬಳ ಬಂದ ದಿನಾನೇ ಆಟೋಮ್ಯಾಟಿಕ್ ಕಟ್ ಆಗೋ ಹಾಗೆ. ವರ್ಷಕ್ಕೆ 22ಕ್ಕಿಂತ ಮೇಲಾಗತ್ತೆ, ನಿನ್ 25 ಜೊತೆ ಸೇರಿ 47. ಆಗ ಬೇಕಾಗೋ ಲೋನ್ ಬರೀ 53, ಅದೇ 1.87 ಕಟ್ತಾ ಹೋದ್ರೆ 32 ತಿಂಗಳಲ್ಲಿ ಮುಗಿಯತ್ತೆ, ಬಡ್ಡಿ ಸುಮಾರು 7. ಈಗ ತಗೊಂಡ್ರೆ 48 ತಿಂಗಳು ಕಟ್ಬೇಕು, ಕಾದು ತಗೊಂಡ್ರೆ 12 ಸೇರಿಸಿ 44. ಅಂದ್ರೆ ಕಾರು ಒಂದು ವರ್ಷ ತಡವಾಗಿ ಬಂದ್ರೂ ಸಾಲ ಮೊದಲೇ ತೀರತ್ತೆ.

ಆದ್ರೆ ನಾನು ಇದನ್ನ ಹೇಳ್ತಿರೋದು ಬಡ್ಡಿಗೋಸ್ಕರ ಮಾತ್ರ ಅಲ್ಲ. ಆ ಒಂದು ವರ್ಷ ಕಂತಿನ ಜೊತೆಗೆ ಇನ್ಶೂರೆನ್ಸ್, ಟೈರು, ಸರ್ವೀಸ್ ಅಂತ ಇನ್ನೊಂದು ಮೊತ್ತಾನೂ ಪಕ್ಕಕ್ಕೆ ಇಡು, ಅದನ್ನ ಡೌನ್ ಪೇಮೆಂಟಿಗೆ ಸೇರಿಸ್ಬೇಡ, ಕಾರು ಬಂದ್ಮೇಲೆ ಬೇಕಾಗತ್ತೆ. ಸ್ಪ್ಯಾನರ್ ಸರ್ ಹೇಳಿದ ಖರ್ಚು ತಿಂಗಳಿಗೆ ಸಮನಾಗಿ ಬರಲ್ಲ, ನಾಲ್ಕೂ ಟೈರು ಒಂದೇ ಸಲ ಬರತ್ತೆ. ಇದೆಲ್ಲಾ ತೆಗೆದಿಟ್ಟು ಮಿಕ್ಕಿದ್ರಲ್ಲಿ ನಿನ್ ಜೀವನ ಹೇಗೆ ನಡೆಯತ್ತೆ ನೋಡು. ಆರಾಮಾಗಿದ್ರೆ ಕಾರು ನಿನ್ ಸಂಬಳಕ್ಕೆ ಹೊಂದತ್ತೆ. ಮೂರನೇ ತಿಂಗಳಿಗೇ ಆ ಅಕೌಂಟಿಗೆ ಕೈ ಹಾಕಿದ್ರೆ ಸ್ವಲ್ಪ ಕಮ್ಮಿ ಬೆಲೆ ಕಾರು ನೋಡ್ಬೇಕು ಅಂತ ಗೊತ್ತಾಗತ್ತೆ, ಅದೂ ಯಾರಿಗೂ ಸೈನ್ ಹಾಕಿ ಕೊಡೋಕೆ ಮುಂಚೆ. ಕನಿಷ್ಠ ಮೂರು ತಿಂಗಳ ಮನೆಖರ್ಚು ಬೇರೆ ಎತ್ತಿಟ್ಟಿರು, ಅದು ಕಾರಿನ ದುಡ್ಡಲ್ಲ.


ಸ್ಪ್ಯಾನರ್_ಗುರು:

ಮೇಡಂ ಹೇಳಿದ್ದು ಪಕ್ಕಾ. ಆ ವರ್ಷ ಸುಮ್ನೆ ಕೂತ್ಕೋಬೇಡ ಗುರು, ನಿಂಗೆ ಬೇಕಾದ ಮಾಡೆಲ್ ಇಟ್ಕೊಂಡಿರೋರ ಹತ್ರ ಮಾತಾಡು, ಅವ್ರ ಸರ್ವೀಸ್ ಬಿಲ್ ನೋಡು, ಸಾಧ್ಯವಾದ್ರೆ ಪಕ್ಕದ ಸೀಟಲ್ಲಿ ಕೂತು ಹೋಗ್ಬಾ. ಕೆಲವ್ರಿಗೆ ಎರಡು ಸೀಟಿನ ಕಾರಿನ ಗಟ್ಟಿ ಸಸ್ಪೆನ್ಶನ್ ದಿನಾ ಓಡ್ಸೋಕೆ ಆಗಲ್ಲ. ಕ್ಯಾಶ್ ರೆಡಿ ಇರೋವಾಗ ಮಾತಾಡೋ ಧೈರ್ಯಾನೂ ಬೇರೆ ಇರತ್ತೆ. ಮಾಡೆಲ್ ಫೈನಲ್ ಆದ್ಮೇಲೆ ಇಲ್ಲೇ ಹಾಕು, ಅದ್ರಲ್ಲಿ ಏನೇನು ಚೆಕ್ ಮಾಡ್ಬೇಕು ಅಂತ ಬರೀತೀನಿ.


ರೆಡ್‌ಲೈನ್_ಹುಡ್ಗ:

ಸರಿ ಗುರುಗಳೇ, ಎಂಎಕ್ಸ್-5ನೇ ನೋಡ್ತೀನಿ, ಸೆಕೆಂಡ್ ಹ್ಯಾಂಡ್. ಬೇರೆ ಅಕೌಂಟ್ ಇವತ್ತೇ ಓಪನ್ ಮಾಡ್ತಿದೀನಿ, ಅಪ್ಪಂಗೆ ಅಕ್ಕನ ಲೆಕ್ಕ ತೋರ್ಸಿದೆ, ಪೂರ್ತಿ ಓದಿ ಇನ್ಶೂರೆನ್ಸ್ ಎಷ್ಟು ಬರತ್ತೆ ಕೇಳು ಅಂದ್ರು.