ರಾಜ್ಯೋತ್ಸವದ ಲಕ್ಕಿ ಡ್ರಾ: ಬಂದ ಹಣವನ್ನು ಊರಿನ ಶಾಲೆಗೆ ಕಳಿಸಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕನ್ನಡ ಸಂಘಕ್ಕೆ ಈ ವರ್ಷ ನಾನು ಖಜಾಂಚಿ. ಸಂಘಕ್ಕೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಪಡೆದ ಸೇವಾ ಸಂಸ್ಥೆಯೆಂಬ ಫೆಡರಲ್ ಮಾನ್ಯತೆ ಇದೆ. ರಾಜ್ಯೋತ್ಸವಕ್ಕೆ 10 ಡಾಲರಿನ 300 ಟಿಕೆಟ್ ಮಾರಿ, ಬಂದದ್ದರಲ್ಲಿ ಅರ್ಧ ಗೆದ್ದವರಿಗೆ, ಉಳಿದರ್ಧ ಕರ್ನಾಟಕದ ಒಂದು ಸರ್ಕಾರಿ ಶಾಲೆಗೆ ಅಂತ ಯೋಚಿಸಿದ್ದೇವೆ. ಟಿಕೆಟ್ ಆನ್‌ಲೈನಿನಲ್ಲೇ. ‘ಟಿಕೆಟ್’ ಬದಲು ‘ದೇಣಿಗೆ’ ಎಂದು ಬರೆದರೆ ಯಾವ ಅನುಮತಿಯೂ ಬೇಡ ಅಂತಾರೆ ಕೆಲವರು. ನಿಜವೇ?

ಉತ್ತರ: ನಮಸ್ಕಾರ. ಮಾರಾಟ ಶುರುವಾಗುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಯೋಜನೆ ಈಗಿರುವಂತೆ ನಡೆಯುವುದಿಲ್ಲ.

ಹಣ ಕೊಟ್ಟು, ಅದೃಷ್ಟದ ಮೇಲೆ ಬಹುಮಾನ ಗೆಲ್ಲುವುದು ಯಾವ ಹೆಸರಿನಲ್ಲಿ ನಡೆದರೂ ಕಾನೂನಿನ ಕಣ್ಣಿಗೆ ಲಾಟರಿಯೇ. ‘ದೇಣಿಗೆ’ ಅಂದ ಮಾತ್ರಕ್ಕೆ ಬದಲಾಗದು. ದುಡ್ಡು ಕೊಡದವರಿಗೂ ಕೇಳಿದರೆ ಚೀಟಿ ಸಿಗಬೇಕು, ಆಗ ಮಾತ್ರ ಮಾತು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಲಾಟರಿಗೆ ನಿಷೇಧವಿದೆ; ಸೇವಾ ಸಂಸ್ಥೆಗಳ ಇಂಥ ಲಕ್ಕಿ ಡ್ರಾಗೆ, ಅಂದರೆ ರ‍್ಯಾಫಲ್‌ಗೆ, ವಿನಾಯಿತಿ ಸಿಕ್ಕಿದ್ದೇ 2000ದಲ್ಲಿ ಮತದಾರರು ಸಂವಿಧಾನ ತಿದ್ದುಪಡಿಗೆ ಒಪ್ಪಿದ ಮೇಲೆ. ಅದರ ಷರತ್ತುಗಳು ದಂಡ ಸಂಹಿತೆಯ 320.5ನೇ ಕಲಮಿನಲ್ಲಿವೆ.

ಅದರಲ್ಲಿ ಮುಖ್ಯವಾದದ್ದು ಶೇ. 90ರ ನಿಯಮ. 3,000 ಡಾಲರಿನ ಟಿಕೆಟ್ ಹೋದರೆ 2,700 ಸೇವಾ ಕೆಲಸಕ್ಕೇ ಹೋಗಬೇಕು. ಬಹುಮಾನ, ಮುದ್ರಣ ಎಲ್ಲಕ್ಕೂ ಸೇರಿ ಉಳಿಯುವುದು 300. ಹಾಗಾಗಿ ‘ಅರ್ಧ ನಿಮಗೆ, ಅರ್ಧ ನಮಗೆ’ ಲೆಕ್ಕಕ್ಕೆ ಜಾಗವಿಲ್ಲ. ಬಹುಮಾನವನ್ನು ಯಾರಾದರೂ ದಾನವಾಗಿ ಕೊಟ್ಟರೆ, ಅಥವಾ ಸಂಘದ ಬೇರೆ ನಿಧಿಯಿಂದ ತಂದರೆ ತೊಂದರೆಯಿಲ್ಲ.

ಇನ್ನೊಂದು ಮಾತು ಹೇಳಲು ನನಗೇ ಬೇಸರ. ರ‍್ಯಾಫಲಿನಿಂದ ಬಂದ ಹಣವನ್ನು ಕ್ಯಾಲಿಫೋರ್ನಿಯಾದ ಹೊರಗಿನ ಯಾವ ಉದ್ದೇಶಕ್ಕೂ ಬಳಸುವಂತಿಲ್ಲ. ಊರಿನ ಶಾಲೆ ಎಷ್ಟೇ ಹತ್ತಿರದ್ದಾಗಿರಲಿ, ಈ ಹಣ ಅಲ್ಲಿಗೆ ಹೋಗಬಾರದು. ಶಾಲೆಗೆ ನೇರವಾಗಿ, ಬಹುಮಾನದ ಆಸೆಯಿಲ್ಲದ ದೇಣಿಗೆ ಎತ್ತಿ. ರ‍್ಯಾಫಲಿನ ಹಣ ಇಲ್ಲೇ ನೀವು ನಡೆಸುವ ಕನ್ನಡ ಕಲಿ ತರಗತಿಯಂಥ ಕೆಲಸಕ್ಕಿರಲಿ.

ಆನ್‌ಲೈನಿನಲ್ಲಿ ಪ್ರಚಾರ ಮಾಡಬಹುದು, ಟಿಕೆಟ್ ಮಾರುವಂತಿಲ್ಲ. ಹರಿದುಕೊಡುವ ಚೀಟಿಯಲ್ಲೂ ಉಳಿಯುವ ಅರ್ಧದಲ್ಲೂ ಒಂದೇ ಸಂಖ್ಯೆ ಇರಬೇಕು. ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಣಿಯಾಗಿ ಉತ್ತರ ಬರುವವರೆಗೆ ಒಂದೂ ಟಿಕೆಟ್ ಮಾರಬೇಡಿ. ಆಮೇಲೆ ಲೆಕ್ಕದ ವರದಿಯನ್ನೂ ಅಲ್ಲಿಗೇ ಕೊಡಬೇಕು.

ಪ್ರಶ್ನೆ (ಅದೇ ಖಜಾಂಚಿ): ಧನ್ಯವಾದ ಮೇಡಂ. ಸದಸ್ಯರೊಬ್ಬರು ತಮ್ಮ ಹಳೇ ಕಾರನ್ನೇ ಬಹುಮಾನಕ್ಕೆ ಕೊಡ್ತೀನಿ ಅಂದಿದ್ದಾರೆ. ಈಗ ಅದರ ಬೆಲೆ 9,000 ಡಾಲರ್ ಇರಬಹುದು.

ಉತ್ತರ: ಅವರದು ದೊಡ್ಡ ಮನಸ್ಸು. ಆದರೆ ಗೆದ್ದವರಿಗೆ ತೆರಿಗೆಯ ವಿಷಯ ಮೊದಲೇ ತಿಳಿದಿರಬೇಕು. ಟಿಕೆಟ್ ಬೆಲೆ ಕಳೆದ ಮೇಲೆ ಬಹುಮಾನದ ಮೌಲ್ಯ 5,000 ಡಾಲರ್ ದಾಟಿದರೆ ಶೇ. 24 ಫೆಡರಲ್ ತೆರಿಗೆಯನ್ನು ಸಂಘವೇ ಹಿಡಿದು ಕಟ್ಟಬೇಕು. ಕಾರಿನಿಂದ ತುಂಡು ಕತ್ತರಿಸಿಕೊಳ್ಳಲು ಆಗದಲ್ಲ, ಹಾಗಾಗಿ ಗೆದ್ದವರು ಸುಮಾರು 2,158 ಡಾಲರ್ ಕೊಟ್ಟ ಮೇಲೇ ಕೀಲಿಕೈ ಕೊಡಿ. ಹಾಗೆ ವಸೂಲು ಮಾಡದೆ ಬಿಟ್ಟರೆ ಆ ತೆರಿಗೆಯ ಹೊರೆ ಸಂಘದ ತಲೆ ಮೇಲೆ. ಗೆದ್ದ ಬಹುಮಾನವನ್ನು ತೆರಿಗೆ ಇಲಾಖೆಗೆ ತಿಳಿಸುವ ಡಬ್ಲ್ಯು-2ಜಿ ಫಾರಂ ತುಂಬುವುದೂ ನಿಮ್ಮ ಕೆಲಸ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಟಿಕೆಟ್ ಹಣವನ್ನು ದಾನವೆಂದು ತೆರಿಗೆಯಲ್ಲಿ ತೋರಿಸಬಹುದಾ ಅಕ್ಕ?

ಉತ್ತರ: ಇಲ್ಲಮ್ಮ. ಗೆಲ್ಲುವ ಅವಕಾಶವನ್ನು ಕೊಂಡಂತೆ ಅದು, ಸೋತರೂ ದಾನವಾಗುವುದಿಲ್ಲ. ಸಂಘದವರು ಅದಕ್ಕೆ ದೇಣಿಗೆ ರಸೀದಿ ಕೊಡಲೂಬಾರದು.

ಪ್ರಶ್ನೆ (ಟೆಕ್ಸಸ್‌ನಿಂದ): ನಮ್ಮಲ್ಲೂ ಇದೇ ನಿಯಮವೇ?

ಉತ್ತರ: ಅಲ್ಲ, ರಾಜ್ಯ ರಾಜ್ಯಕ್ಕೂ ಬೇರೆ. ಟೆಕ್ಸಸ್‌ನಲ್ಲಿ ನಗದು ಬಹುಮಾನವೇ ಕೂಡದು, ಸಂಸ್ಥೆಗೆ ಮೂರು ವರ್ಷವಾದರೂ ಆಗಿರಬೇಕು. ನ್ಯೂಜೆರ್ಸಿಯಲ್ಲಿ ಸ್ಥಳೀಯ ಪುರಸಭೆಯ ಪರವಾನಗಿ ಬೇಕು. ಯೂಟಾ, ಹವಾಯಿಗಳಲ್ಲಿ ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವ ರ‍್ಯಾಫಲ್‌ಗೆ ಅವಕಾಶವೇ ಇಲ್ಲ. ಬೇರೆ ರಾಜ್ಯದ ಸಂಘದವರು ಮಾಡಿದ್ದನ್ನು ನೋಡಿ ಟಿಕೆಟ್ ಅಚ್ಚು ಹಾಕಿಸಬೇಡಿ. ನಿಮ್ಮ ಸಂಘದ ನೋಂದಣಿ ಪತ್ರ ನನಗೆ ಕಳಿಸಿ, ನೋಡಿ ಹೇಳುತ್ತೇನೆ.