ಬ್ರಿಡ್ಜ್‌ವಾಟರ್ ಕಾಲುವೆ ಒಡೆದಿರುವಾಗ ಅಲ್ಲಿ ಕಟ್ಟಿರುವ ದೋಣಿಯನ್ನು ಕೊಳ್ಳಬಹುದೇ?

ಪ್ರಶ್ನೆ: ತುಂಗಾತೀರ (ವಾರಿಂಗ್ಟನ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ವಾರಾಂತ್ಯಗಳಲ್ಲಿ ಮತ್ತು ಮಕ್ಕಳ ರಜೆಯಲ್ಲಿ ಬಳಸಲು ಒಂದು ಹಳೆಯ ಕಾಲುವೆ ದೋಣಿಯನ್ನು ಕೊಳ್ಳಬೇಕೆಂದು ನಾನೂ ನಮ್ಮ ಯಜಮಾನರೂ ಹುಡುಕುತ್ತಿದ್ದೆವು. ಪ್ರೆಸ್ಟನ್ ಬ್ರೂಕ್ ಸಮೀಪ ಬ್ರಿಡ್ಜ್‌ವಾಟರ್ ಕಾಲುವೆಯಲ್ಲಿ ಕಟ್ಟಿರುವ ದೋಣಿಯೊಂದು ಸಾಮಾನ್ಯ ದರಕ್ಕಿಂತ ಬಹಳ ಕಡಿಮೆಗೆ ಮಾರಾಟಕ್ಕಿದೆ. 2025ರ ಹೊಸವರ್ಷದ ದಿನ ವಿಪರೀತ ಮಳೆಗೆ ಡನಮ್ ಮ್ಯಾಸಿ ಹತ್ತಿರದ ಲಿಟಲ್ ಬಾಲಿಂಗ್ಟನ್ನಿನಲ್ಲಿ ಏರಿ ಕೊಚ್ಚಿಹೋದ ಮೇಲೆ ಮ್ಯಾಂಚೆಸ್ಟರ್ ಕಡೆಗಿನ ದಾರಿ ಬಂದಾಗಿದೆ, ಅದೊಂದನ್ನು ಬಿಟ್ಟರೆ ದೋಣಿಯಲ್ಲಿ ಯಾವ ದೋಷವೂ ಇಲ್ಲ ಎಂದು ಮಾರುವವರು ಹೇಳುತ್ತಾರೆ. ಏರಿ ಒಡೆದ ಜಾಗ ದೋಣಿಯಿಂದ ಹಲವು ಮೈಲಿ ದೂರದಲ್ಲಿದೆ. ಹಾಗಿದ್ದೂ ಬೆಲೆ ಇಷ್ಟೇಕೆ ಇಳಿಯಬೇಕು? ಒಂದು ಏರಿಯನ್ನು ಕಟ್ಟಲು ಇಷ್ಟು ಕಾಲ ಏಕೆ ಬೇಕು? ನಾವು ದೋಣಿ ಕಟ್ಟಿರುವಲ್ಲಿಯೇ ಇಂಥದ್ದು ನಡೆದರೆ ಏನಾಗುತ್ತದೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಾಲೆಯ ಎಂಜಿನಿಯರ್ (ನಿವೃತ್ತ)

ನಾನು ಮಂಡ್ಯ ಜಿಲ್ಲೆಯ ನಾಲೆಗಳ ಮೇಲೆ ಕೆಲಸ ಮಾಡಿದವನು, ಈಗ ಮಗಳ ಮನೆಯಲ್ಲಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ನಮ್ಮ ನಾಲೆಗಳಲ್ಲಿ ನೀರು ವರ್ಷದಲ್ಲಿ ಕೆಲವು ತಿಂಗಳು ನಿಲ್ಲುತ್ತದೆ. ಆಗ ಒಳಮೈಯನ್ನು ಕಣ್ಣಾರೆ ನೋಡಿ, ಬಿರುಕು ಬಿಟ್ಟಲ್ಲಿ, ಇಲಿ ಹೆಗ್ಗಣ ಬಿಲ ತೋಡಿದಲ್ಲಿ ದುರಸ್ತಿ ಮಾಡಿಕೊಳ್ಳಬಹುದು. ಇಲ್ಲಿಯ ದೋಣಿ ಕಾಲುವೆಗಳಲ್ಲಿ ನೀರು ಸದಾ ನಿಂತಿರುವುದರಿಂದ, ಇನ್ನೂರು ಇನ್ನೂರೈವತ್ತು ವರ್ಷಗಳ ಹಿಂದೆ ಕಲಸಿ ತುಳಿದು ಮೆತ್ತಿದ ಜೇಡಿಮಣ್ಣಿನ ಪದರ ಹೇಗಿದೆ ಎಂಬುದು ಏರಿಯ ಹೊರಬದಿಯಲ್ಲಿ ನೀರು ಜಿನುಗುವ ತನಕ ಯಾರಿಗೂ ಕಾಣುವುದಿಲ್ಲ. ಬ್ಯಾಡ್ಜರ್ ಎಂಬ ಪ್ರಾಣಿ ತೋಡುವ ಬಿಲ, ಮರದ ಬೇರು, ಕಾಲುವೆಯ ಅಡಿಯಲ್ಲಿ ಹಳ್ಳದ ನೀರು ಹಾಯುವ ಹಳೆಯ ಇಟ್ಟಿಗೆ ಮೋರಿಯ ಕುಸಿತ, ಮಳೆಗೆ ಕೋಡಿ ಸಾಲದೆ ನೀರು ಏರಿಯ ತಲೆಯ ಮೇಲೆ ಹರಿಯುವುದು, ಇವೇ ಸಾಮಾನ್ಯ ಕಾರಣಗಳು. ಜಿನುಗುವ ನೀರು ತಿಳಿಯಾಗಿದ್ದರೆ ಸ್ವಲ್ಪ ಸಮಯವಿದೆ. ಅದು ಮಣ್ಣಿನ ಬಣ್ಣಕ್ಕೆ ತಿರುಗಿದರೆ ಒಳಗಿನಿಂದ ಮಣ್ಣು ಹೊರಡುತ್ತಿದೆ ಎಂದು ತಿಳಿದು ಕೂಡಲೇ ದೂರವಾಣಿ ಮಾಡಬೇಕು.

ಒಡೆದ ಮೇಲೆ ಮಣ್ಣು ಸುರಿದು ತುಂಬಿಬಿಟ್ಟರೆ ಆಗುವುದಿಲ್ಲ. ಎರಡು ಕಡೆಯೂ ತಾತ್ಕಾಲಿಕ ಒಡ್ಡು ಹಾಕಬೇಕು, ಮೀನುಗಳನ್ನು ಹಿಡಿದು ಸಾಗಿಸಬೇಕು, ಕೆಳಗಿನ ಹೊಲದವರ ಒಪ್ಪಿಗೆ ಪಡೆದು ಯಂತ್ರಗಳಿಗೆ ರಸ್ತೆ ಮಾಡಬೇಕು. ಉಳಿದಿರುವ ಏರಿಯನ್ನು ಗಟ್ಟಿಯಾದ ನೆಲ ಸಿಗುವ ತನಕ ಅಗೆದು, ಪದರ ಪದರವಾಗಿ ದಮ್ಮಸ್ಸು ಮಾಡುತ್ತ ಮೇಲೆ ಬರಬೇಕು. ಬ್ರಿಡ್ಜ್‌ವಾಟರ್ ಈ ಕಷ್ಟವನ್ನು ಹಿಂದೆಯೂ ಕಂಡಿದೆ. ಬಾಲಿನ್ ನದಿಯನ್ನು ದಾಟುವ ಮೇಲ್ಗಾಲುವೆಯ ಬಳಿ 1971ರಲ್ಲಿ ಒಡೆದದ್ದು ಮತ್ತೆ ತೆರೆದದ್ದು 1973ರಲ್ಲಿ. ವೇಲ್ಸ್‌ನ ಮನ್ಮತ್‌ಶೈರ್ ಮತ್ತು ಬ್ರೆಕನ್ ಕಾಲುವೆ 2007ರಲ್ಲಿ ಗಿಲ್ವರ್ನ್ ಊರಿನ ಬಳಿ ಒಡೆದಾಗ, ಉಳಿದ ಉದ್ದವನ್ನೂ ಪರೀಕ್ಷಿಸಿ ದುರಸ್ತಿ ಮಾಡಿ ತೆರೆಯುವ ವೇಳೆಗೆ 2009 ಬಂದಿತ್ತು.

ಉತ್ತರ 2: ತೇಲುಮನೆ

ನಾವಿಬ್ಬರೂ ದೋಣಿಯಲ್ಲೇ ವಾಸಿಸುವವರು. ಎಂಜಿನಿಯರ್ ಸಾಹೇಬರು ಏರಿಯ ಕಡೆಯಿಂದ ಹೇಳಿದ್ದಾರೆ, ನಾನು ನೀರಿನ ಕಡೆಯಿಂದ ಹೇಳುತ್ತೇನೆ.

ಬ್ರಿಡ್ಜ್‌ವಾಟರ್ ಮುಖ್ಯ ಕಾಲುವೆಯಲ್ಲಿ ಲಾಕ್‌ಗಳೇ, ಅಂದರೆ ದೋಣಿಯನ್ನು ಒಂದು ಮಟ್ಟದ ನೀರಿನಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲುಕಟ್ಟೆಗಳೇ, ಇಲ್ಲ. 1761ರಲ್ಲಿ ಅದರ ಮೊದಲ ಭಾಗ ತೆರೆದಾಗಿನಿಂದ ಇದೇ ಅದರ ಹೆಗ್ಗಳಿಕೆ, ಒಡೆದ ದಿನ ಇದೇ ಅದರ ಕಷ್ಟ. ನಡುವೆ ನೀರನ್ನು ತಡೆಯುವ ಬಾಗಿಲುಗಳಿಲ್ಲದ ಕಾರಣ, ಅಲ್ಲಲ್ಲಿ ದಡದಲ್ಲಿ ಪೇರಿಸಿಟ್ಟಿರುವ ಅಡ್ಡಹಲಗೆಗಳನ್ನು ಕ್ರೇನಿನಿಂದ ಇಳಿಸುವ ತನಕ ಮೈಲಿಗಟ್ಟಲೆ ದೂರದ ನೀರೂ ಆ ಕಂಡಿಯ ಕಡೆಗೇ ಹೊರಡುತ್ತದೆ. ನೀವಿರುವಲ್ಲಿ ಒಡೆಯದಿದ್ದರೂ ನೀರು ಇಳಿಯಬಹುದು.

ನೀರು ಇಳಿಯುವುದು ರಾತ್ರಿಯಾದರೆ ಮೊದಲು ತಿಳಿಯುವುದು ಕಿವಿಗೆ: ಹಗ್ಗಗಳು ಬಿಗಿದು ನರಳುತ್ತವೆ, ಬೀರುವಿನೊಳಗೆ ಪಾತ್ರೆಗಳು ಒಂದೇ ಕಡೆಗೆ ಜಾರುತ್ತವೆ. ದಡದ ಬದಿಯ ಅಂಚು ನೀರಿನೊಳಗಿನ ಕಲ್ಲಿನ ಮೇಲೆ ಕುಳಿತು, ಇನ್ನೊಂದು ಬದಿ ಕೆಸರಿನತ್ತ ವಾಲುತ್ತದೆ. ಆಗ ಹಗ್ಗ ಸಡಿಲಿಸಬೇಕು. ಬಿಗಿಯಾಗಿಯೇ ಬಿಟ್ಟರೆ ದೋಣಿ ಅದರಲ್ಲಿ ನೇತುಬೀಳುತ್ತದೆ. ಒಲೆಯ ಬೆಂಕಿ ಆರಿಸಿ, ಗ್ಯಾಸ್ ಮುಚ್ಚಿ, ದಡಕ್ಕೆ ಇಳಿದುಬಿಡಬೇಕು. ಬಹಳ ಮಂದಿ ಮರೆಯುವುದು ನೀರು ಮರಳಿ ಬರುವ ದಿನವನ್ನು. ವಾಲಿದ ದೋಣಿಯನ್ನು ಕೆಸರು ಹಿಡಿದುಕೊಂಡಿದ್ದರೆ ಅದು ಏಳುವ ಮುಂಚೆಯೇ ಅಡುಗೆಮನೆಯ ಮತ್ತು ಬಚ್ಚಲಿನ ನೀರು ಹೊರಹೋಗುವ ತೂತುಗಳಿಂದ ಕಾಲುವೆಯ ನೀರು ಒಳನುಗ್ಗುತ್ತದೆ. ಆ ತೂತುಗಳಿಗೆ ಬಿರಡೆ ಜಡಿಯದೆ ದೋಣಿಯನ್ನು ಬಿಟ್ಟು ಹೋಗಬಾರದು.

2018ರ ಮಾರ್ಚ್‌ನಲ್ಲಿ ಮಿಡಲ್‌ವಿಚ್ ಶಾಖಾ ಕಾಲುವೆ ಒಡೆದಾಗ ಸುಮಾರು 20 ದೋಣಿಗಳು ಹೀಗೆ ಸಿಕ್ಕಿಬಿದ್ದವು. ದಾರಿ ತೆರೆದದ್ದು ಡಿಸೆಂಬರ್‌ನಲ್ಲಿ, ಖರ್ಚು ಸುಮಾರು 30 ಲಕ್ಷ ಪೌಂಡ್. ನಾಲ್ಕು ಕೌಂಟಿಗಳ ಸುತ್ತುದಾರಿಗೆ ಅದು ಕೊಂಡಿ. ಹಾಗಾಗಿ ಸುತ್ತು ಹೋಗಲೆಂದೇ ದೋಣಿ ಬಾಡಿಗೆಗೆ ಪಡೆಯುವವರಿಗೆ ಆ ಬೇಸಿಗೆಯೆಲ್ಲ ಸುತ್ತೇ ಇರಲಿಲ್ಲ.

ಉತ್ತರ 3: ಹಗ್ಗ ಮತ್ತು ಗೂಟ

ಮಿಡಲ್‌ವಿಚ್ ವಿಷಯದಲ್ಲಿ ಒಂದು ಸೇರ್ಪಡೆ. ಹತ್ತಿರದ ಲಾಕ್‌ಗಳ ಪ್ಯಾಡಲ್‌ಗಳನ್ನು, ಅಂದರೆ ನೀರು ಬಿಡುವ ತೂಬಿನ ಹಲಗೆಗಳನ್ನು, ಯಾರೋ ತೆರೆದೇ ಬಿಟ್ಟು ಹೋದದ್ದರಿಂದ ನೀರು ಏರಿಯನ್ನು ಮೀರಿ ಹರಿದಿರಬೇಕೆಂದು, ಇಲ್ಲಿಯ ಬಹುಪಾಲು ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಆಗ ಹೇಳಿತ್ತು. ಒಬ್ಬನ ಅಜಾಗ್ರತೆಗೆ ಏರಿಯೇ ಹೋಗುವುದಾದರೆ ಅಲ್ಲಿಯ ಕೋಡಿ ಸಾಕಷ್ಟಿತ್ತೇ ಎಂಬ ಪ್ರಶ್ನೆ ನನಗಂತೂ ಉಳಿದೇ ಇದೆ. ಆದರೂ ಲಾಕ್ ದಾಟಿದ ಮೇಲೆ ಹಿಂದಿರುಗಿ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿ.

ಈಗ ಬೆಲೆಯ ಮಾತು. ತುಂಗಾತೀರ ಅವರೇ, ನೀವು ಮುಖ್ಯವಾದ ಒಂದು ವಿವರವನ್ನೇ ಬರೆದಿಲ್ಲ. ದೋಣಿಯ ಅಗಲ ಎಷ್ಟು?

ತುಂಗಾತೀರ

ಮೂವರಿಗೂ ಧನ್ಯವಾದಗಳು. ದೋಣಿಯ ಅಗಲ ಹತ್ತು ಅಡಿ, ಉದ್ದ ಐವತ್ತೈದು ಅಡಿ. ಒಳಗೆ ಜಾಗ ವಿಶಾಲವಾಗಿದೆ ಎಂದೇ ನಮಗೆ ಇಷ್ಟವಾಯಿತು.

ಉತ್ತರ 4: ಹಗ್ಗ ಮತ್ತು ಗೂಟ

ಹಾಗಾದರೆ ಬೆಲೆ ಇಳಿದಿರುವುದಕ್ಕೆ ಕಾರಣ ಅಲ್ಲಿಯೇ ಇದೆ. ಏಳು ಅಡಿಯೊಳಗಿನ ಅಗಲದ ನಾರೋಬೋಟ್, ಅಂದರೆ ಕಿರಿದಾದ ಕಾಲುವೆ ದೋಣಿ, ಆಗಿದ್ದರೆ ನಾನು ಕೊಳ್ಳಿ ಎನ್ನುತ್ತಿದ್ದೆ, ಏಕೆಂದರೆ ಪ್ರೆಸ್ಟನ್ ಬ್ರೂಕ್‌ನಿಂದ ದಕ್ಷಿಣಕ್ಕೆ ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ ಇಳಿದರೆ ದೇಶದ ಬಹುಪಾಲು ಕಾಲುವೆಗಳು ಸಿಗುತ್ತವೆ. ಮ್ಯಾಂಚೆಸ್ಟರಿಗೇ ಹೋಗಬೇಕೆಂದರೂ ಮ್ಯಾಕಲ್ಸ್‌ಫೀಲ್ಡ್, ಪೀಕ್ ಫಾರೆಸ್ಟ್, ಆಷ್ಟನ್ ಕಾಲುವೆಗಳ ಮೂಲಕ ಸುತ್ತಿಬರಬಹುದು. ಬಾಸ್ಲಿಯಲ್ಲಿ 12, ಮಾರ್ಪಲ್‌ನಲ್ಲಿ 16, ಆಷ್ಟನ್‌ನಲ್ಲಿ 18 ಲಾಕ್‌ಗಳನ್ನು ಏರಿಳಿಯುವ ತಾಳ್ಮೆ ಬೇಕು, ಅಷ್ಟೇ. ಹತ್ತು ಅಡಿಯ ದೋಣಿಗೆ ಆ ದಾರಿ ಯಾವುದೂ ಇಲ್ಲ. ಬ್ರಿಡ್ಜ್‌ವಾಟರ್ ಅಗಲವಾದ ಕಾಲುವೆ, ಆದರೆ ಅದರ ದಕ್ಷಿಣದ ಬಾಯಿ ಕಿರಿದು. ಅಗಲದ ದೋಣಿಗೆ ಹೊರಹೋಗುವ ದಾರಿ ಉತ್ತರಕ್ಕೆ, ಲೀ ಊರಿನ ಮೂಲಕ ಲೀಡ್ಸ್ ಅಂಡ್ ಲಿವರ್‌ಪೂಲ್ ಕಾಲುವೆಗೆ. ಆ ದಾರಿಯ ನಡುವೆಯೇ ಈಗ ಕಂಡಿ ಬಿದ್ದಿದೆ. ರನ್‌ಕಾರ್ನ್‌ನಿಂದ ಆ ಕಂಡಿಯ ತನಕ, ಹೋದಲ್ಲಿಗೇ ಹೋಗಿ ಬಂದಲ್ಲಿಗೇ ಬರಬೇಕು.

ಕ್ರೇನಿನಿಂದ ಎತ್ತಿ ಲಾರಿಯಲ್ಲಿ ಸಾಗಿಸಬಹುದು, ಆದರೆ ಆ ಅಗಲದ ಹೊರೆಗೆ ಸಾವಿರಾರು ಪೌಂಡ್ ಬೇಕಾಗುತ್ತದೆ. ಮಾರುವವರು ಬೆಲೆಯಲ್ಲಿ ಇಳಿಸಿರುವ ಮೊತ್ತ ಆ ಖರ್ಚನ್ನೂ ಮೀರಿದ್ದರೆ ಮಾತ್ರ ಯೋಚಿಸಿ.

ಉತ್ತರ 5: ತೇಲುಮನೆ

ಹಗ್ಗ ಮತ್ತು ಗೂಟ ಅವರ ಮಾತನ್ನು ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. ತುಂಗಾತೀರ ಅವರಿಗೆ ಬೇಕಿರುವುದು ವಾರಾಂತ್ಯದ ದೋಣಿ. ಮೂರ್, ಡೇರ್ಸ್‌ಬರಿ, ಲಿಮ್ ಊರುಗಳ ಆ ನೀರು ವಾರಿಂಗ್ಟನ್ನಿನವರಿಗೆ ಮನೆಯ ಬಾಗಿಲಲ್ಲೇ ಇದೆ, ಲಾಕ್ ಇಲ್ಲದ ಕಾರಣ ಚಿಕ್ಕ ಮಕ್ಕಳೊಡನೆ ಸುಲಭವೂ ಹೌದು. ದೂರದ ಆಸೆ ಇಲ್ಲದಿದ್ದರೆ ಹತ್ತು ಅಡಿಯ ದೋಣಿ ಅಲ್ಲಿ ಕೆಟ್ಟದ್ದೇನಲ್ಲ. ಒಂದು ವಿಷಯ ಮಾತ್ರ ಗಮನದಲ್ಲಿರಲಿ: ಆ ಕಾಲುವೆ ಖಾಸಗಿ ಒಡೆತನದ್ದು, ಟ್ರಸ್ಟ್‌ನದ್ದಲ್ಲ, ಪರವಾನಗಿಯೂ ಬೇರೆ. ಟ್ರಸ್ಟ್‌ನ ನೀರಿನಲ್ಲಿ, ಸ್ವಂತ ಕಟ್ಟುಜಾಗವಿಲ್ಲದೆ ಸಂಚರಿಸುವವರು 1995ರ ಕಾಯ್ದೆಯಂತೆ 14 ದಿನಕ್ಕಿಂತ ಹೆಚ್ಚು ಒಂದೆಡೆ ನಿಲ್ಲುವಂತಿಲ್ಲ. ಆದರೆ ಮುಂದೆ ಹೋಗಲಾಗದ ಕಾರಣ ನ್ಯಾಯವಾಗಿದ್ದರೆ ಅದೇ ಕಾಯ್ದೆ ಹೆಚ್ಚು ದಿನ ನಿಲ್ಲಲು ಅವಕಾಶ ಕೊಡುತ್ತದೆ. ಆ ಮಾತುಗಳನ್ನು ಇಲ್ಲಿಗೆ ಅನ್ವಯಿಸಿಕೊಂಡು ಧೈರ್ಯ ತಂದುಕೊಳ್ಳಬೇಡಿ.

ಮುಂಗಡ ಕೊಡುವ ಮುನ್ನ ವಿಮೆಯ ಕಾಗದವನ್ನು ಓದಿ. ಪರವಾನಗಿಗೆ ಕೇಳುವುದು ಬೇರೆಯವರಿಗೆ ಆಗುವ ಹಾನಿಯ ವಿಮೆಯನ್ನು ಮಾತ್ರ. ನಿಮ್ಮ ದೋಣಿ ವಾಲಿ ಮುಳುಗಿದರೆ ಎತ್ತುವ ಖರ್ಚು ಅದರಲ್ಲಿ ಸೇರಿದೆಯೇ, ದೋಣಿಗೆ ಏನೂ ಆಗದೆ ಬರೀ ದಾರಿ ಮುಚ್ಚಿದ್ದಕ್ಕೆ ಏನಾದರೂ ಕೊಡುತ್ತಾರೆಯೇ ಎಂದು ಲಿಖಿತವಾಗಿ ಕೇಳಿ.

ತುಂಗಾತೀರ

ನಾವು ಮುಂದೆ ಯಾರ್ಕ್‌ಶೈರ್ ತನಕ ಹೋಗಬೇಕೆಂದು ಬಯಸಿದ್ದೆವು, ಹಾಗಾಗಿ ಈ ದೋಣಿಯನ್ನು ಬಿಡುವುದೆಂದು ತೀರ್ಮಾನಿಸಿದ್ದೇವೆ. ಅದೇ ಕಟ್ಟೆಯಲ್ಲಿ ಆರು ಅಡಿ ಹತ್ತು ಅಂಗುಲದ ನಾರೋಬೋಟ್ ಒಂದಿದೆಯಂತೆ. ಶನಿವಾರ ನೋಡಿಬಂದು, ವಿಮೆಯವರ ಉತ್ತರವನ್ನೂ ಇಲ್ಲಿ ಹಾಕುತ್ತೇನೆ.